ಸ್ಲೈಡ್ ರೀಲನ್ನ ಸಿ-41ರಲ್ಲಿ ತೊಳೆಸೋದು: ನಿಮ್ಮ ಪ್ರಶ್ನೆಗೆ ಲ್ಯಾಬಿನವರ ಉತ್ತರ

ಪ್ರಶ್ನೆ: ಸರ್ ನಮಸ್ಕಾರ. ನಮ್ಮ ಮಾವ ಮೊದ್ಲು ಸ್ಟುಡಿಯೋ ಇಟ್ಟಿದ್ರು, ಅವ್ರ ಬೀರುನಲ್ಲಿ ಫ್ಯೂಜಿ ಪ್ರೊವಿಯಾ 100ಎಫ್ ಸ್ಲೈಡ್ ರೀಲು ಸಿಕ್ಕಿವೆ, ಡೇಟ್ ಮುಗಿದು ತುಂಬಾ ವರ್ಷ ಆಗಿದೆ. ಸ್ಲೈಡ್ ತೊಳೆಯೋರು ನಮ್ಮ ದಾವಣಗೆರೆ ಕಡೆ ಯಾರೂ ಸಿಗ್ಲಿಲ್ಲ. ಮಾಮೂಲಿ ಕಲರ್ ನೆಗೆಟಿವ್ ಕೆಮಿಕಲಲ್ಲೇ, ಅಂದ್ರೆ ಸಿ-41ರಲ್ಲಿ, ತೊಳೆಸಿದ್ರೆ ಬಣ್ಣ ಒಂಥರಾ ಚೆನ್ನಾಗಿ ತಿರುಗುತ್ತೆ, ಕ್ರಾಸ್ ಪ್ರೋಸೆಸಿಂಗ್ ಅಂತಾರೆ ಅಂತ ಒಬ್ರು ಹೇಳಿದ್ರು. ಫಿಲ್ಮ್ ಹಾಳಾಗಲ್ವಾ? ಯಾವ ಐಎಸ್ಒಗೆ ಇಟ್ಟು ತೆಗೀಲಿ?

ಉತ್ತರ: ಹಾಳಾಗಲ್ಲ, ಧೈರ್ಯವಾಗಿ ಮಾಡಿ. ಹೊಸ ಪ್ರೊವಿಯಾ ಆಗಿದ್ರೆ ನಾನೇ ಬೇಡ ಅಂತಿದ್ದೆ, ಅಷ್ಟು ದುಡ್ಡು ಕೊಟ್ಟ ರೀಲನ್ನ ಸರಿಯಾಗಿ ಸ್ಲೈಡ್ ಆಗಿಯೇ ತೊಳೆಸಿ ನೋಡೋ ಸುಖಾನೇ ಬೇರೆ. ಡೇಟ್ ಮುಗಿದ ರೀಲಿಗೆ ಮಾತ್ರ ಇದು ಒಳ್ಳೆ ದಾರಿ.

ಯಾಕೆ ಬಣ್ಣ ತಿರುಗುತ್ತೆ ಅಂತ ತಿಳ್ಕೊಂಡ್ರೆ ಮುಂದಿನದು ಸಲೀಸು. ಸ್ಲೈಡಿನ ಕ್ರಮ ಇ-6, ಕೊಡಾಕ್‌ನವ್ರು 1976ರಲ್ಲಿ ತಂದಿದ್ದು. ಅದ್ರಲ್ಲಿ ಮೊದಲ ಡೆವಲಪರ್ ಬರೀ ಕಪ್ಪು-ಬಿಳುಪಿನದು, ಬೆಳಕು ಬಿದ್ದ ಜಾಗದಲ್ಲಿ ಬೆಳ್ಳಿ ಚಿತ್ರ ಮೂಡಿಸುತ್ತೆ ಅಷ್ಟೇ, ಆಮೇಲೆ ರಿವರ್ಸಲ್ ಬಾತು, ಅದಾದ್ಮೇಲೆ ಕಲರ್ ಡೆವಲಪರ್ ಬಂದು ಬೆಳಕು ಬೀಳದೆ ಉಳಿದ ಜಾಗದಲ್ಲಿ ಬಣ್ಣ ಕಟ್ಟುತ್ತೆ, ಅದಕ್ಕೇ ಕೊನೆಗೆ ನೇರ ಚಿತ್ರ ಸಿಗೋದು. ಸಿ-41ರಲ್ಲಿ ಕಲರ್ ಡೆವಲಪರೇ ಮೊದಲು, ಹಂಗಾಗಿ ಬೆಳಕು ಬಿದ್ದಲ್ಲೇ ಬಣ್ಣ, ಅಂದ್ರೆ ನೆಗೆಟಿವ್. ಇನ್ನೊಂದು ವಿಷಯ ಏನಂದ್ರೆ ಇ-6ರ ಕಲರ್ ಡೆವಲಪರಲ್ಲಿ ಬಣ್ಣ ಕಟ್ಟಿಸೋ ಕೆಮಿಕಲು ಸಿಡಿ-3, ಸಿ-41ರಲ್ಲಿ ಇರೋದು ಸಿಡಿ-4. ಸ್ಲೈಡ್ ಫಿಲ್ಮಿನ ಪದರಗಳನ್ನ ಸಿಡಿ-3ಗೆ ಅಂತ ಲೆಕ್ಕ ಹಾಕಿ ಮಾಡಿರ್ತಾರೆ, ಅದಕ್ಕೆ ಸಿಡಿ-4 ಸೇರಿದಾಗ ಹುಟ್ಟೋ ಬಣ್ಣಗಳೇ ಬೇರೆ, ಮೂರು ಪದರ ಒಂದೇ ಸಮ ಬೆಳೆಯೋದೂ ಇಲ್ಲ. ಜೊತೆಗೆ ಸ್ಲೈಡ್ ಫಿಲ್ಮಿನ ಕಾಂಟ್ರಾಸ್ಟ್ ಹುಟ್ಟಾ ಜಾಸ್ತಿ. ಹಿಂಗಾಗಿ ಪ್ರೊವಿಯಾ ಸಾಮಾನ್ಯವಾಗಿ ಹಸಿರು ಕಡೆ ಹೋಗುತ್ತೆ, ವೆಲ್ವಿಯಾ 100 ಕೆಂಪು-ಮೆಜೆಂಟಾ ಕಡೆ, ಹಳೇ ಅಗ್ಫಾ ಪ್ರೆಸಿಸಾ ನೀಲಿ ಕಡೆ. ನಿಮ್ಮದು ಹಳೇ ರೀಲು, ವಯಸ್ಸಿನ ಬಣ್ಣಾನೂ ಸ್ವಲ್ಪ ಸೇರ್ಕೊಳ್ಳುತ್ತೆ.

ಐಎಸ್ಒ 50ಕ್ಕೆ ಇಡಿ, ಅಂದ್ರೆ ಒಂದು ಸ್ಟಾಪ್ ಜಾಸ್ತಿ, ಎರಡರಷ್ಟು ಬೆಳಕು. ಕಮ್ಮಿ ಎಕ್ಸ್‌ಪೋಸ್ ಆದ್ರೆ ನೆರಳೆಲ್ಲ ಬಣ್ಣದ ಕೆಸರು ಥರ ಆಗುತ್ತೆ. ಪುಷ್, ಅಂದ್ರೆ ಡೆವಲಪರಲ್ಲಿ ಜಾಸ್ತಿ ಹೊತ್ತು ಇಡೋದು, ಅದನ್ನ ಮಾತ್ರ ಮಾಡಿಸ್ಬೇಡಿ, ಇರೋ ಕಾಂಟ್ರಾಸ್ಟೇ ಸಾಕು. ಮೋಡ ಮುಚ್ಚಿದ ದಿನ, ಮರದ ನೆರಳು, ಸಂಜೆ, ಇಂಥ ಬೆಳಕಲ್ಲಿ ತೆಗೀರಿ. ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ಪಂಚೆ ಉಟ್ಟವರನ್ನ ತೆಗೆದ್ರೆ ನೆಗೆಟಿವಲ್ಲಿ ಆ ಪಂಚೆ ಎಷ್ಟು ಗಟ್ಟಿ ಕಪ್ಪಾಗಿರುತ್ತೆ ಅಂದ್ರೆ ಸ್ಕ್ಯಾನರಿನ ಬೆಳಕು ಅದರೊಳಗಿಂದ ಹಾಯೋದೇ ಕಷ್ಟ, ಮಡಿಕೆ ಅಂಚು ಯಾವುದೂ ಸಿಗಲ್ಲ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಒಂದು ಲ್ಯಾಬಲ್ಲಿ ಇದನ್ನೇ ಮಾಡಿಸ್ದೆ ಸರ್, ಬಂದ ಸ್ಕ್ಯಾನ್ ನೋಡಿದ್ರೆ ಬಣ್ಣ ಹೆಚ್ಚುಕಮ್ಮಿ ಮಾಮೂಲಿನೇ ಇದೆ, ಕಾಂಟ್ರಾಸ್ಟ್ ಒಂದು ಜಾಸ್ತಿ ಅಷ್ಟೇ. ತೊಳೆದಿದ್ದರಲ್ಲಿ ಏನಾದ್ರೂ ಎಡವಟ್ಟಾ?

ಉತ್ತರ: ತೊಳೆದಿದ್ದು ಸರಿಯಾಗೇ ಇರುತ್ತೆ. ನೆಗೆಟಿವ್ ಕೈಯಲ್ಲಿ ಹಿಡಿದು ಕಿಟಕಿ ಬೆಳಕಿಗೆ ನೋಡಿ. ಮಾಮೂಲಿ ಕಲರ್ ನೆಗೆಟಿವ್ ಅಂಚೆಲ್ಲ ಕಿತ್ತಳೆ ಬಣ್ಣ ಇರುತ್ತಲ್ಲ, ಆ ಮಾಸ್ಕ್ ಸ್ಲೈಡ್ ಫಿಲ್ಮಿಗೆ ಇಲ್ಲ, ತೂತಿನ ಪಕ್ಕದ ಜಾಗ ಹೆಚ್ಚುಕಮ್ಮಿ ತಿಳಿಯಾಗಿ ಕಾಣುತ್ತೆ. ಹಂಗೆ ಕಂಡ್ರೆ ಕ್ರಾಸ್ ಪ್ರೋಸೆಸ್ ಆಗಿದೆ ಅಂತ್ಲೇ ಅರ್ಥ. ಬಣ್ಣ ಹೋಗಿರೋದು ಸ್ಕ್ಯಾನರ್ ಹತ್ರ. ಲ್ಯಾಬಿನ ಸ್ಕ್ಯಾನರು ಕಿತ್ತಳೆ ಇದೆ ಅಂದ್ಕೊಂಡು ಕೆಲಸ ಶುರು ಮಾಡುತ್ತೆ, ಆಮೇಲೆ ಆಟೋ ಕರೆಕ್ಷನ್ ಪ್ರತಿ ಫ್ರೇಮಿನ ಬಣ್ಣಾನೂ ತನಗೆ ಸರಿ ಅನ್ಸಿದ ಕಡೆ ಎಳೆದುಬಿಡುತ್ತೆ. ಕೂತಿರೋ ಹುಡುಗರದ್ದೂ ತಪ್ಪಿಲ್ಲ, ಹಸಿರು ತೆಗೆದು ಮುಖದ ಬಣ್ಣ ಸರಿ ಮಾಡೋದೇ ಅವ್ರ ದಿನದ ಕೆಲಸ.

ನಾನು ಎಲ್ಲರಿಗೂ ಇದನ್ನೇ ಒತ್ತಿ ಹೇಳೋದು, ಕ್ರಾಸ್ ಪ್ರೋಸೆಸಿಂಗಲ್ಲಿ ಅರ್ಧ ಬಣ್ಣ ಕೆಮಿಕಲಲ್ಲಿ ಹುಟ್ಟುತ್ತೆ, ಉಳಿದರ್ಧ ಸ್ಕ್ಯಾನಲ್ಲೋ ಪ್ರಿಂಟಲ್ಲೋ ಉಳಿಯುತ್ತೆ ಇಲ್ಲ ಸಾಯುತ್ತೆ. ಅದಕ್ಕೆ ರೀಲ್ ಕೊಡುವಾಗ್ಲೇ ಡಬ್ಬಿ ಮೇಲೆ ಚೀಟಿ ಅಂಟಿಸಿ, 'ಸ್ಲೈಡ್ ಫಿಲ್ಮ್, ಸಿ-41ರಲ್ಲೇ ತೊಳೀರಿ, ಕಲರ್ ಕರೆಕ್ಷನ್ ಬೇಡ' ಅಂತ ಬರೀರಿ, ಬಾಯಲ್ಲೂ ಹೇಳಿ. ಈಗ ನಿಮ್ಮ ಹತ್ರ ನೆಗೆಟಿವ್ ಇದೆಯಲ್ಲ, ಮತ್ತೆ ತೊಳೆಸೋ ಖರ್ಚಿಲ್ಲ, ಸ್ಕ್ಯಾನ್ ಒಂದನ್ನ ಇನ್ನೊಮ್ಮೆ ಮಾಡಿಸಿ. ಮನೇಲಿ ಮಾಡೋದಾದ್ರೆ ಪಾಸಿಟಿವ್ ಅಂತ ಇಟ್ಟು ಆಟೋ ಎಲ್ಲ ಆಫ್ ಮಾಡಿ ಸ್ಕ್ಯಾನ್ ಮಾಡಿ, ಆಮೇಲೆ ಕಂಪ್ಯೂಟರಲ್ಲಿ ನೆಗೆಟಿವನ್ನ ನೇರ ಚಿತ್ರ ಮಾಡಿ, ಮೊದಲ ಫ್ರೇಮಿಗೆ ಇಟ್ಟ ಸೆಟ್ಟಿಂಗನ್ನೇ ಇಡೀ ರೀಲಿಗೆ ಹಾಕಿ.

ಪ್ರಶ್ನೆ: ಅಣ್ಣಾ ಉಲ್ಟಾ ಮಾಡಬಹುದಾ, ಮಾಮೂಲಿ ನೆಗೆಟಿವ್ ರೀಲನ್ನ ಇ-6ರಲ್ಲಿ? ಆಮೇಲೆ ನನ್ನ ಹತ್ರ ಕೊಡಾಕ್ರೋಮ್ ಒಂದಿದೆ, ಅದನ್ನೂ ಸಿ-41ಗೆ ಹಾಕ್ಲಾ?

ಉತ್ತರ: ಉಲ್ಟಾ ಆಗುತ್ತೆ. ನೇರ ಚಿತ್ರ ಬರುತ್ತೆ, ಆದ್ರೆ ಕಿತ್ತಳೆ ಮಾಸ್ಕ್ ಮೇಲೇ ಕೂತಿರುತ್ತೆ, ಕಾಂಟ್ರಾಸ್ಟ್ ಕಮ್ಮಿ, ಬಣ್ಣ ಸಪ್ಪೆ. ಒಂದೆರಡು ಸ್ಟಾಪ್ ಜಾಸ್ತಿ ಬೆಳಕು ಕೊಡಬೇಕು. ನಂಗೆ ಅದು ಅಷ್ಟು ಹಿಡಿಸಲ್ಲ, ಮಂಕು ಬಣ್ಣ ಇಷ್ಟಪಡೋರು ಮಾಡ್ಲಿ.

ಕೊಡಾಕ್ರೋಮ್ ಮಾತ್ರ ಖಂಡಿತ ಬೇಡ ತಮ್ಮಾ. ಬೇರೆ ಸ್ಲೈಡ್ ಫಿಲ್ಮಲ್ಲಿ ಬಣ್ಣ ಕಟ್ಟೋ ಕಪ್ಲರ್ ಫಿಲ್ಮೊಳಗೇ ಇರುತ್ತೆ, ಕೊಡಾಕ್ರೋಮಲ್ಲಿ ಅದು ಇಲ್ಲ, ತೊಳೆಯುವಾಗ ಕೆಮಿಕಲಿಂದ್ಲೇ ಬರ್ತಿತ್ತು. ಕೆ-14 ಅನ್ನೋ ಆ ಕ್ರಮದಲ್ಲಿ ತೊಳೆಯೋದನ್ನ ಕೊನೆಗೆ ಅಮೆರಿಕದ ಕ್ಯಾನ್ಸಸ್‌ನಲ್ಲಿ ಒಂದೇ ಲ್ಯಾಬು ಉಳಿಸ್ಕೊಂಡಿತ್ತು, ಅವ್ರೂ 2010ರ ಡಿಸೆಂಬರಲ್ಲಿ ನಿಲ್ಲಿಸಿದ್ರು. ಸಿ-41ಗೆ ಹಾಕಿದ್ರೆ ಬಣ್ಣಾನೂ ಇಲ್ಲ, ಬ್ಲೀಚಲ್ಲಿ ಬೆಳ್ಳೀನೂ ಹೋಗಿ ಖಾಲಿ ಪಟ್ಟಿ ಕೈಗೆ ಬರುತ್ತೆ. ಮೇಲಾಗಿ ಹಿಂದುಗಡೆ ರೆಮ್‌ಜೆಟ್ ಅಂತ ಕಪ್ಪು ಮಸಿ ಪದರ ಇದೆ, ಅದು ಬಿಟ್ಕೊಂಡು ಲ್ಯಾಬಿನ ಮಷೀನು, ಬೇರೆಯವ್ರ ರೀಲು ಎಲ್ಲಾ ಕೆಡಿಸುತ್ತೆ. ಕಪ್ಪು-ಬಿಳುಪಲ್ಲಿ ಕೈಯಲ್ಲೇ ತೊಳೆಯೋರು ಸಿಕ್ಕಿದ್ರೆ ಅವ್ರಿಗೆ ಕೊಡಿ, ಒಳಗೆ ಯಾರದ್ದೋ ಹಳೇ ಫೋಟೋ ಇದ್ರೂ ಇರಬಹುದು.

ಪ್ರಶ್ನೆ: ಮನೇಲೇ ಸಿ-41 ಕಿಟ್ ಇದೆ ಸರ್, ಸ್ಲೈಡಿಗೆ ಟೈಮ್ ಬದಲಾಯಿಸ್ಬೇಕಾ?

ಉತ್ತರ: ಬೇಡ. ಡೆವಲಪರ್ 37.8 ಡಿಗ್ರೀಲಿ 3 ನಿಮಿಷ 15 ಸೆಕೆಂಡು, ಕಿಟ್ಟಲ್ಲಿ ಬೇರೆ ಟೈಮ್ ಕೊಟ್ಟಿದ್ರೆ ಅದನ್ನ ನಡೆಸಿ. ಚಳಿಗಾಲದಲ್ಲಿ ಬಾಟಲಿ ಬೇಗ ತಣ್ಣಗಾಗುತ್ತೆ, ಟ್ಯಾಂಕನ್ನೂ ಬಿಸಿನೀರಿನ ಟಬ್ಬಲ್ಲೇ ಇಟ್ಟಿರಿ. ನಿಮ್ಮ ಮಾಮೂಲಿ ನೆಗೆಟಿವ್ ರೀಲೆಲ್ಲ ಮೊದ್ಲು ತೊಳ್ಕೊಳ್ಳಿ, ಸ್ಲೈಡ್ ರೀಲು ಕೊನೆಗಿರ್ಲಿ. ಕೊನೇ ಬಾತ್ ಸ್ಟೆಬಿಲೈಸರ್ ಬಿಡ್ಬೇಡಿ, ಒಣಗಿದ ತಕ್ಷಣ ಸ್ಕ್ಯಾನೂ ಮಾಡಿಟ್ಕೊಳ್ಳಿ.