ಎರಡು ಮಿಲಿಮೀಟರಿನ ಸುಳ್ಳು

ಮಾದರಿ ರೈಲಿನ ಹುಚ್ಚಿರುವವರ ನಡುವೆ ಕುಳಿತಾಗ ಒಂದು ಅಂಕಿಯನ್ನು ಮಾತ್ರ ಬಾಯಿಗೆ ತರಬಾರದು, ಅದು 16.5. ಇದು ಚೆನ್ನಾಗಿ ಗೊತ್ತಿದ್ದೂ, ಯಾರ್ಕ್ ನಗರದ ಮಲ್ಲಿಕಾರ್ಜುನನ ಮನೆಯ ಅಟ್ಟದಲ್ಲಿ, ಅವನ ರೈಲು ಸುರಂಗದಿಂದ ಹೊರಬರುತ್ತಿದ್ದ ಹೊತ್ತಿಗೆ ಸರಿಯಾಗಿ, ಡಾಕ್ಟರ್ ಶ್ರೀನಿವಾಸ ಅದನ್ನು ಬಾಯಿಗೆ ತಂದ.

"ಎಲ್ಲವೂ ಸೊಗಸಾಗಿದೆ ಮಾರಾಯ, ಹಳಿ 16.5 ಇರುವುದೊಂದನ್ನು ಬಿಟ್ಟು."

ಈ ಮಾತಿನ ಹಿಂದಿರುವ ವಿಷವನ್ನು ಓದುಗರಿಗೆ ಸ್ವಲ್ಪ ವಿವರಿಸಬೇಕು. ಬ್ರಿಟನ್ನಿನ ಮಾದರಿ ರೈಲಿನವರಲ್ಲಿ ಹೆಚ್ಚಿನವರು ಬಳಸುವ ಅಳತೆಗೆ ಡಬಲ್ ಓ ಎಂದು ಹೆಸರು. ಅದರಲ್ಲಿ ನಿಜವಾದ ಎಂಜಿನ್ನಿನ ಒಂದು ಅಡಿಯು ಮಾದರಿಯಲ್ಲಿ 4 ಮಿಲಿಮೀಟರ್ ಆಗುತ್ತದೆ; ಎಂದರೆ ಎಲ್ಲವೂ ಸುಮಾರು 76ರಲ್ಲಿ ಒಂದು ಪಾಲು. ನಿಜವಾದ ಹಳಿಗಳ ನಡುವಿನ ಅಂತರ 4 ಅಡಿ 8½ ಅಂಗುಲವಾದ್ದರಿಂದ, ಲೆಕ್ಕದ ಪ್ರಕಾರ ಮಾದರಿಯ ಹಳಿ 18.83 ಮಿಲಿಮೀಟರ್ ಅಗಲವಿರಬೇಕು. ಆದರೆ ಅಂಗಡಿಯಲ್ಲಿ ಸಿಗುವುದು 16.5. ಯುರೋಪಿನ ಬೇರೆ ದೇಶಗಳವರು ಅಡಿಗೆ 3.5 ಮಿಲಿಮೀಟರ್ ಲೆಕ್ಕ ಹಿಡಿದಿದ್ದರಿಂದ ಅವರಿಗೆ ಈ ಅಗಲ ಸರಿಯಾಗಿಯೇ ಹೊಂದಿತು. ಬ್ರಿಟನ್ನಿನಲ್ಲಿ ಮಾತ್ರ ಸೇತುವೆ, ಸುರಂಗಗಳು ಮೊದಲಿನಿಂದಲೂ ಇಕ್ಕಟ್ಟಾಗಿದ್ದು, ಎಂಜಿನ್ನುಗಳ ಮೈಯೂ ಕಿರಿದು. ಆ ಅಳತೆಗೆ ಕುಗ್ಗಿಸಿದರೆ ಆ ಕಾಲದ ಮೋಟಾರು ಒಳಗೆ ಹಿಡಿಸುತ್ತಿರಲಿಲ್ಲ. ಆದ್ದರಿಂದ ಮೈಯನ್ನಷ್ಟೇ ಹಿಗ್ಗಿಸಿ ಹಳಿಯನ್ನು ಇದ್ದಂತೆಯೇ ಬಿಟ್ಟರು. ಅಣ್ಣನ ಅಂಗಿ ತೊಟ್ಟು ತಮ್ಮನ ಚಪ್ಪಲಿ ಮೆಟ್ಟಿದಂತಹ ಈ ಏರ್ಪಾಡು, 1938ರಲ್ಲಿ ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ಹಾರ್ನ್‌ಬಿ ಡಬ್ಲೊ ರೈಲುಗಳನ್ನು ಮಾರುಕಟ್ಟೆಗೆ ತಂದ ಮೇಲೆ ಮನೆಮನೆಗಳಲ್ಲಿ ಗಟ್ಟಿಯಾಗಿ ನೆಲೆಯೂರಿತು. ಅಂದಿನಿಂದ ಇಂದಿನವರೆಗೆ ಬ್ರಿಟನ್ನಿನ ಡಬಲ್ ಓ ರೈಲುಗಳೆಲ್ಲ, ಎಂಜಿನ್ನಿನ ಲೆಕ್ಕದಲ್ಲಿ ನೋಡಿದರೆ, ಏಳು ಅಂಗುಲ ಕಿರಿದಾದ ಹಳಿಯ ಮೇಲೆ ಓಡುತ್ತಿವೆ. ಇದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ.

ನನಗೆ ಸೋಜಿಗವೆನಿಸುವುದು ಈ ಮೌನವಲ್ಲ, ಮೌನದ ಸುತ್ತ ನಡೆಯುವ ಗದ್ದಲ. ಹಳಿಯ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡಿರುವ ಇದೇ ಜನ, ಬಾಯ್ಲರಿನ ಮೇಲಿನ ರಿವೆಟ್ಟುಗಳ ಸಾಲಿನಲ್ಲಿ ಒಂದು ಕಡಿಮೆಯಾಗಿದ್ದರೆ ತಯಾರಕರಿಗೆ ಪುಟಗಟ್ಟಲೆ ಪತ್ರ ಬರೆಯುತ್ತಾರೆ. ಬಣ್ಣದ ಜಗಳವನ್ನಂತೂ ಕೇಳಲೇಬೇಡಿ. ಲಂಡನ್–ಬ್ರೈಟನ್ ಕಡೆಯ ರೈಲ್ವೆಯಲ್ಲಿ ವಿಲಿಯಂ ಸ್ಟ್ರೌಡ್ಲಿ ಎಂಬ ಎಂಜಿನಿಯರರು 19ನೆಯ ಶತಮಾನದಲ್ಲಿ ತಮ್ಮ ಎಂಜಿನ್ನುಗಳಿಗೆ ಬಳಿಸಿದ ಬಣ್ಣಕ್ಕೆ "ಸುಧಾರಿತ ಎಂಜಿನ್ ಹಸಿರು" ಎಂಬ ಹೆಸರಿತ್ತು. ನೋಡಿದವರ ಕಣ್ಣಿಗೆ ಅದು ಅಪ್ಪಟ ಸಾಸಿವೆ ಹಳದಿ. ಪಾಪ, ಅವರಿಗೆ ಬಣ್ಣಗುರುಡು ಇತ್ತೆಂದು ಒಂದು ಪಕ್ಷ ವಾದಿಸಿದರೆ, ಹಳದಿಗೆ ಹಣ ಮಂಜೂರಾಗದೆಂದು ಹಸಿರೆಂದು ಬರೆಸಿದರೆಂಬುದು ನಮ್ಮ ಶ್ರೀನಿವಾಸನ ಸಂಶೋಧನೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡಿಯುವವನ ಸಂಶೋಧನೆಯಾದ್ದರಿಂದ ನಾವು ಅದನ್ನು ಪ್ರಶ್ನಿಸಲಿಲ್ಲ.

ಶ್ರೀನಿವಾಸ 18.83ರ ಪಂಥದವನು. ಆ ಪಂಥದವರು ಹಳಿಯಡಿಯ ಸ್ಲೀಪರುಗಳನ್ನು ಒಂದೊಂದಾಗಿ ಅಂಟಿಸಿ, ಹಳಿಯನ್ನು ಕೈಯಾರೆ ಕೂಡಿಸುತ್ತಾರೆ. ಅವನ ಮನೆಯಲ್ಲಿ ಒಂದೂವರೆ ಮೊಳ ಉದ್ದದ ಪರಮಸತ್ಯವಾದ ಹಳಿಯೊಂದು ಇದೆ. ಅದರ ಮೇಲೆ ಇನ್ನೂ ಯಾವ ರೈಲೂ ಓಡಿಲ್ಲ.

"ನಿನ್ನದು ಸತ್ಯ, ನನ್ನದು ರೈಲು" ಎಂದು ಮಲ್ಲಿಕಾರ್ಜುನ ಉತ್ತರಿಸಿದ. "ಮೇಲಾಗಿ ಈ ಮೇಜಿನ ಮೇಲೆ ಇದು 1958ರ ಬೇಸಿಗೆ. ಆ ಕಾಲದ ನೆನಪಿನಲ್ಲಿ ಮುಳುಗಿದವನಿಗೆ ಎರಡು ಮಿಲಿಮೀಟರ್ ಕಾಣುವುದಿಲ್ಲ."

"ನೀನು ದಾವಣಗೆರೆಯಲ್ಲಿ ಹುಟ್ಟಿದ್ದು 1976ರಲ್ಲಿ. ಹುಟ್ಟುವುದಕ್ಕೆ 18 ವರ್ಷ ಮೊದಲಿನ ಯಾರ್ಕ್‌ಷೈರಿನ ನೆನಪು ನಿನಗೆ ಹೇಗಯ್ಯ ಬಂತು?" ಎಂದು ನಾನು ಕೇಳಿದೆ.

"ಹರಿಕಥೆ ಮಾಡುವವರೆಲ್ಲ ಕುರುಕ್ಷೇತ್ರದಲ್ಲಿ ನಿಂತು ನೋಡಿದವರೇನು?"

ಮಾತು ಸುಳ್ಳಲ್ಲ. ಅವನ ಕ್ಲಬ್ಬಿನಲ್ಲಿ, ಹುಡುಗರಾಗಿದ್ದಾಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, 1942ರಿಂದ ಇಯಾನ್ ಅಲೆನ್ ಪ್ರಕಟಿಸುತ್ತ ಬಂದ ಎಂಜಿನ್ ಸಂಖ್ಯೆಗಳ ಪುಟ್ಟ ಪುಸ್ತಕದಲ್ಲಿ ಕಂಡ ಸಂಖ್ಯೆಗಳಿಗೆಲ್ಲ ಗೆರೆ ಎಳೆಯುತ್ತಿದ್ದ ಮುದುಕರು ಇನ್ನೂ ಇದ್ದಾರೆ. ಅವರ ನೆನಪುಗಳನ್ನು ಇವನು ಚಹದೊಂದಿಗೆ ಹೀರಿಕೊಂಡು ಬರುತ್ತಾನೆ. 1960ರಲ್ಲಿ ಸ್ವಿಂಡನ್ನಿನಲ್ಲಿ ತಯಾರಾದ ಬ್ರಿಟಿಷ್ ರೈಲ್ವೇಸಿನ ಕಟ್ಟಕಡೆಯ ಉಗಿ ಎಂಜಿನ್ನು "ಈವ್ನಿಂಗ್ ಸ್ಟಾರ್" ಐದೇ ವರ್ಷಕ್ಕೆ ನಿವೃತ್ತವಾದದ್ದನ್ನು ಹೇಳುವಾಗ ಇವನ ಕಣ್ಣಲ್ಲಿ ನೀರು ನಿಲ್ಲುತ್ತದೆ. ವೇಲ್ಸಿನ ಬ್ಯಾರಿ ಎಂಬಲ್ಲಿನ ಗುಜರಿ ವ್ಯಾಪಾರಿ ಡೈ ವುಡ್‌ಹ್ಯಾಮ್ ಅವರನ್ನಂತೂ ಇವನು ದೇವರ ಪಕ್ಕದಲ್ಲಿ ಕೂರಿಸುತ್ತಾನೆ. ಅವರು ಒಡೆಯಲೆಂದು ಕೊಂಡ ಎಂಜಿನ್ನುಗಳು ಸುಮಾರು 300; ಆದರೆ ಹಳೆಯ ವ್ಯಾಗನ್ನುಗಳನ್ನು ಕತ್ತರಿಸುವುದು ಸುಲಭವೆಂದು ಮೊದಲು ಆ ಕೆಲಸಕ್ಕೆ ಕೈಹಚ್ಚಿದ್ದರಿಂದ ಎಂಜಿನ್ನುಗಳು ವರ್ಷಗಟ್ಟಲೆ ತುಕ್ಕು ಹಿಡಿಯುತ್ತ ನಿಂತವು, ಅಷ್ಟರಲ್ಲಿ ಹವ್ಯಾಸಿಗಳು ಚಂದಾ ಎತ್ತಿ 213 ಎಂಜಿನ್ನುಗಳನ್ನು ಬಿಡಿಸಿಕೊಂಡು ಹೋದರು. ನಾಳೆ ಮಾಡಿದರಾಯಿತು ಎನ್ನುವ ಗುಣಕ್ಕೆ ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸ್ಮಾರಕ ಇರಲಾರದು.

ಇಷ್ಟರಲ್ಲಿ ಮಂಜುಳಾ ಅವರು ಮಂಡಕ್ಕಿ ಮೆಣಸಿನಕಾಯಿಯ ತಟ್ಟೆ ಹಿಡಿದು ಮೇಲೆ ಬಂದರು. ಅವರ ಹಿಂದೆ, ಮೂರು ತಿಂಗಳ ಮಟ್ಟಿಗೆ ಮಗಳ ಮನೆಗೆ ಬಂದಿದ್ದ ಬಸವರಾಜಪ್ಪನವರು ಏಣಿಯನ್ನು ನಿಧಾನವಾಗಿ ಹತ್ತಿ ಬಂದರು. ಅವರು ಅರಸೀಕೆರೆಯಲ್ಲಿ ಮೀಟರ್ ಗೇಜ್ ಉಗಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆಗಿ ಸೇರಿ, ಡ್ರೈವರ್ ಆಗಿ ನಿವೃತ್ತರಾದವರು.

"ಈ ಎಂಜಿನ್ನನ್ನು ಹೊಸದಾಗಿ ತಂದ ದಿನ ಎಷ್ಟು ಚೆನ್ನಾಗಿ ಹೊಳೆಯುತ್ತಿತ್ತು ಗೊತ್ತೆ ಅಪ್ಪ?" ಎಂದು ಮಂಜುಳಾ ದೂರು ಆರಂಭಿಸಿದರು. "ಇವರು ವಾರವಿಡೀ ಕೂತು ಅದಕ್ಕೆ ತುಕ್ಕು, ಮಸಿ, ಸುಣ್ಣದ ಕಲೆ ಬಳಿದರು. ಹೊಸದನ್ನು ಹಳೆಯದು ಮಾಡುವುದಕ್ಕೂ ಬೇರೆ ಬಣ್ಣ ಕೊಳ್ಳಬೇಕಂತೆ! ಹಿಂದೆ ಕಲ್ಲಿದ್ದಲು ಹೊರುವ ಟೆಂಡರ್ ಗಾಡಿಗೆ ನಿಜವಾದ ಕಲ್ಲಿದ್ದಲೇ ಆಗಬೇಕೆಂದು ನನ್ನ ಕುಟ್ಟಾಣಿಯಲ್ಲಿ ಕಲ್ಲಿದ್ದಲು ಕುಟ್ಟಿದ್ದಾರೆ. ಆವತ್ತಿನ ಮೆಣಸಿನ ಸಾರು ಕಪ್ಪಾಗಿದ್ದದ್ದು ಮೆಣಸಿನಿಂದಲ್ಲ."

ಮಲ್ಲಿಕಾರ್ಜುನ ಮಾತು ಬದಲಿಸಲು ಮಾವನವರಿಗೆ "ಮ್ಯಾಲರ್ಡ್" ಎಂಜಿನ್ನಿನ ಮಾದರಿಯನ್ನು ತೋರಿಸಿ, 1938ರ ಜುಲೈ 3ರಂದು ಅದು ಗಂಟೆಗೆ 126 ಮೈಲಿ, ಎಂದರೆ 203 ಕಿಲೋಮೀಟರ್ ವೇಗದಲ್ಲಿ ಓಡಿ ಮಾಡಿದ ದಾಖಲೆಯನ್ನು ವರ್ಣಿಸಿದ.

"ಏರಿನಲ್ಲೋ, ಇಳಿಜಾರಿನಲ್ಲೋ?" ಎಂದು ಬಸವರಾಜಪ್ಪನವರು ವಿಚಾರಿಸಿದರು.

"ಸ್ಟೋಕ್ ಬ್ಯಾಂಕ್ ಎನ್ನುವ ಇಳಿಜಾರಿನಲ್ಲಿ, ಮಾವ."

"ಹಾಗೆ ಹೇಳಿ."

ಅಳಿಯ ಬಿಡಲಿಲ್ಲ. ಆ ಓಟದಲ್ಲಿ ಮಧ್ಯದ ಸಿಲಿಂಡರಿನ ಬೇರಿಂಗು ಕಾದು ಕೆಟ್ಟಿತೆಂದೂ, ಹಾಗೆ ಕಾದರೆ ಡ್ರೈವರಿಗೆ ವಾಸನೆಯಿಂದಲೇ ತಿಳಿಯಲೆಂದು ಆ ಬೇರಿಂಗಿನಲ್ಲಿ ಸೋಂಪಿನ ವಾಸನೆಯ ಗುಳಿಗೆಯೊಂದನ್ನು ಇಟ್ಟಿದ್ದರೆಂದೂ ಹೇಳಿದ. ಬಸವರಾಜಪ್ಪನವರು ಇದಕ್ಕೆ ಮಾತ್ರ ಮನಸಾರೆ ತಲೆದೂಗಿದರು. "ನಮ್ಮಲ್ಲಿ ಇದನ್ನು ಮಾಡಿದ್ದರೆ, ಗಾಡಿಯಲ್ಲಿ ಯಾರೋ ಊಟ ಮುಗಿಸಿದರೆಂದು ಸುಮ್ಮನಾಗಿಬಿಡುತ್ತಿದ್ದೆವು."

1928ರಲ್ಲಿ ಲಂಡನ್ನಿನಿಂದ ಎಡಿನ್‌ಬರೊವರೆಗಿನ 392 ಮೈಲಿಯನ್ನು ಎಲ್ಲಿಯೂ ನಿಲ್ಲದೆ ಓಡಲು, ನಡುದಾರಿಯಲ್ಲಿ ಡ್ರೈವರ್ ಮತ್ತು ಫೈರ್‌ಮನ್ ಬದಲಾಗುವುದಕ್ಕೆಂದು ಟೆಂಡರಿನ ಒಳಗೇ ಹದಿನೆಂಟು ಅಂಗುಲ ಅಗಲದ ಓಣಿ ಮಾಡಿದ್ದರೆಂಬುದನ್ನೂ ಅವರು ಆಸಕ್ತಿಯಿಂದ ಕೇಳಿ, ಅರಸೀಕೆರೆಯ ಡ್ರೈವರುಗಳಲ್ಲಿ ಅರ್ಧ ಮಂದಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳುತ್ತಿದ್ದರೆಂದು ಅಭಿಪ್ರಾಯಪಟ್ಟರು. ಬ್ರಿಟನ್ನಿನ ಫೈರ್‌ಮನ್ನುಗಳು ಕಲ್ಲಿದ್ದಲಿನ ಸಲಿಕೆಯ ಮೇಲೆಯೇ ಮೊಟ್ಟೆ ಹುರಿದುಕೊಳ್ಳುತ್ತಿದ್ದರೆಂದಾಗ, "ಸಲಿಕೆ ತೊಳೆಯುತ್ತಿದ್ದರೊ ಇಲ್ಲವೊ?" ಎಂದಷ್ಟೇ ಕೇಳಿದರು. ಬಾಯ್ಲರಿನ ಕುದಿನೀರಿನಿಂದ ತೊಳೆಯುತ್ತಿದ್ದರೆಂದು ತಿಳಿದ ಮೇಲೆ ಸಮಾಧಾನವಾಯಿತು.

"ನಿಮಗೂ ಆ ದಿನಗಳು ನೆನಪಾಗುತ್ತಿರಬೇಕಲ್ಲವೆ, ಮಾವ?" ಎಂದು ಮಲ್ಲಿಕಾರ್ಜುನ ಗದ್ಗದನಾದ.

"ಆಗುತ್ತದೆ, ಸೊಂಟ ನೋವು ಬಂದಾಗಲೆಲ್ಲ" ಎಂದ ಬಸವರಾಜಪ್ಪನವರು ಕನ್ನಡಕ ಏರಿಸಿ, ಮೇಜಿನ ಮಟ್ಟಕ್ಕೆ ಬಗ್ಗಿ, ನಿಂತಿದ್ದ ಎಂಜಿನ್ನನ್ನು ಎದುರಿನಿಂದ ಬಹಳ ಹೊತ್ತು ನೋಡಿದರು. ಹಳಿಯನ್ನೊಮ್ಮೆ, ಬಫರುಗಳನ್ನೊಮ್ಮೆ ನೋಡಿ ನೆಟ್ಟಗಾದರು.

"ಇದೇನು ಅಳಿಯಂದಿರೆ, ಮೇಲೆ ಬ್ರಾಡ್ ಗೇಜ್ ಎಂಜಿನ್ನು, ಕೆಳಗೆ ಮೀಟರ್ ಗೇಜ್ ಹಳಿ?"

ಅಟ್ಟದಲ್ಲಿ ಮಂಡಕ್ಕಿ ಅಗಿಯುವ ಸದ್ದೂ ನಿಂತಿತು. ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ಒಂದು ದೇಶದ ಹವ್ಯಾಸಿಗಳೆಲ್ಲ ಸೇರಿ ಕಾಪಾಡಿಕೊಂಡು ಬಂದ ಗುಟ್ಟನ್ನು, ಹೊಟ್ಟೆಪಾಡಿಗಾಗಿ ಎಂಜಿನ್ ಓಡಿಸಿದ ಒಬ್ಬ ಮನುಷ್ಯ ಅರ್ಧ ನಿಮಿಷದಲ್ಲಿ ಬಯಲು ಮಾಡಿದ್ದರು. ಶ್ರೀನಿವಾಸ ಎದ್ದು ಬಂದು ಅವರ ಕಾಲು ಮುಟ್ಟಿ ನಮಸ್ಕರಿಸಿದ. ಅವನ ಪಂಥಕ್ಕೆ ಇಂತಹ ಸಾಕ್ಷಿ ಹಿಂದೆಂದೂ ಸಿಕ್ಕಿರಲಿಲ್ಲ. ಇಡೀ ಸ್ಟೇಷನ್ನಿನ ಹಳಿ ಕಿತ್ತು 18.83ಕ್ಕೆ ಹೊಸದಾಗಿ ಹಾಸಿಕೊಡುವ ಜವಾಬ್ದಾರಿಯನ್ನೂ ಸ್ಥಳದಲ್ಲೇ ವಹಿಸಿಕೊಂಡ.

"ಅದೆಲ್ಲ ಇರಲಿ" ಎಂದು ಬಸವರಾಜಪ್ಪನವರು ಅವನನ್ನು ತಡೆದರು. "ಓಡುವ ಗಾಡಿ ಓಡುತ್ತಿದೆ, ಹಳಿ ಮುಟ್ಟಬೇಡಿ. ಆದರೆ ಶೆಡ್ಡು ಮಾತ್ರ ಹೀಗಿದ್ದರೆ ನಡೆಯದು. ಎಂಜಿನ್ನು ಕೆಲಸ ಮುಗಿಸಿ ಬಂದ ಮೇಲೆ ಬೂದಿ ಎಲ್ಲಿ ತೆಗೆಯುತ್ತೀರಿ? ಗುಂಡಿಯೇ ಇಲ್ಲವಲ್ಲ! ಅಲ್ಲಿ ಹಳಿಯ ನಡುವೆ ಉದ್ದದ ಗುಂಡಿ ಬೇಕು, ಪಕ್ಕದಲ್ಲಿ ಬೂದಿಯ ರಾಶಿ ಬೇಕು, ರಾಶಿಗೆ ನೀರು ಹಾಕುವವನೊಬ್ಬ ಬೈಯುತ್ತ ನಿಂತಿರಬೇಕು. ಅದಿಲ್ಲದೆ ಇದೆಂಥ ಶೆಡ್ಡು?"

ಮಲ್ಲಿಕಾರ್ಜುನನ ಮುಖ ಅರಳಿತು. ಬೈಯುವವನ ಗೊಂಬೆ ಅವನ ಡಬ್ಬಿಯಲ್ಲಿ ಆಗಲೇ ಇತ್ತು, ಗುಂಡಿ ತೋಡುವುದು ಒಂದು ಸಂಜೆಯ ಕೆಲಸ. ನಯವಾದ, ನಸುಬಿಳಿಯ, ಗಾಳಿಗೆ ಹಾರದ ಬೂದಿಯೊಂದೇ ಬೇಕಿತ್ತು. ಅದು ಮನೆಯಲ್ಲಿ ಎಲ್ಲಿ ಸಿಕ್ಕೀತೆಂದು ಅವನು ಗಟ್ಟಿಯಾಗಿ ಆಲೋಚಿಸತೊಡಗಿದಾಗ, ಮಂಜುಳಾ ಅವರು ಒಂದು ಮಾತೂ ಆಡದೆ ಏಣಿ ಇಳಿದು ಹೋಗಿ, ದೇವರ ಮುಂದಿದ್ದ ವಿಭೂತಿ ಗಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದರು.