ನಷ್ಟದಲ್ಲಿರುವ ಫಂಡಿನಿಂದ ಹಣ ತೆಗೆಯಬೇಕೇ, ಬಿಡಬೇಕೇ?

ಪ್ರಶ್ನೆ (ಬೀಳಗಿ): ಸರ್, ಶರಣು. ಕೃಷ್ಣೆಯ ಹಿನ್ನೀರಿಗೆ ಹೋದ ಹೊಲದ ಪರಿಹಾರದಲ್ಲಿ 10 ಲಕ್ಷವನ್ನು ಅಪ್ಪ ಹದಿನಾಲ್ಕು ತಿಂಗಳ ಹಿಂದೆ ಒಂದೇ ಸ್ಮಾಲ್ ಕ್ಯಾಪ್ ಫಂಡಿಗೆ ಹಾಕಿದರು. ಈಗ 7.80 ಲಕ್ಷ ತೋರಿಸುತ್ತಿದೆ. ದೀಪಾವಳಿ ಕಳೆದ ಮೇಲೆ ನವನಗರದ ಸೈಟಿನಲ್ಲಿ ಮನೆ ಕೆಲಸ ಹಿಡಿಯಬೇಕು, ಅದಕ್ಕೆ 4 ಲಕ್ಷ ಬೇಕು. ಅಪ್ಪ ದಿನಾ ಊಟಕ್ಕೆ ಕೂರುವ ಮೊದಲು ಮೊಬೈಲ್ ತೆಗೆಸಿ ಇವತ್ತು ಎಷ್ಟಾಯಿತು ಎಂದು ಕೇಳುತ್ತಾರೆ, ಪೂರ್ತಿ ತೆಗೆದುಬಿಡು ಎನ್ನುತ್ತಾರೆ. ಹಾಕಿದ್ದಾದರೂ ಬರಲಿ, ಆಮೇಲೆ ತೆಗೆಯೋಣ ಎಂಬುದು ನನ್ನ ವಾದ.

ಉತ್ತರ (ಹೂಡಿಕೆ ಸಲಹೆಗಾರ, ಬಾಗಲಕೋಟೆ): ಶರಣು. ಹೊಲ ಕೊಟ್ಟು ಬಂದ ಹಣ ಕರಗುವುದನ್ನು ನೋಡುವ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ 10 ಲಕ್ಷ ಎಂಬ ಸಂಖ್ಯೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಮಾರುಕಟ್ಟೆಗೆ ಗೊತ್ತಿಲ್ಲ. 7.80 ಲಕ್ಷ ಮತ್ತೆ 10 ಆಗಲು ಶೇ 22 ಏರಿದರೆ ಸಾಲದು, ಶೇ 28ರಷ್ಟು ಏರಬೇಕು. 2020ರ ಮಾರ್ಚ್‌ನಲ್ಲಿ ಕುಸಿದ ಷೇರುಪೇಟೆ ಸೂಚ್ಯಂಕ ಸೆನ್ಸೆಕ್ಸ್ ಅದೇ ನವೆಂಬರ್ ಹೊತ್ತಿಗೆ ಮೇಲೆ ಬಂತು, ನಿಜ. ಆದರೆ 2008ರ ಜನವರಿಯಲ್ಲಿ 20,873 ಇದ್ದದ್ದು 2009ರ ಮಾರ್ಚ್‌ನಲ್ಲಿ 8,160ಕ್ಕೆ ಇಳಿದು, ಹಳೆಯ ಮಟ್ಟ ಮುಟ್ಟಿದ್ದು 2010ರ ನವೆಂಬರ್‌ನಲ್ಲಿ. ಸ್ಮಾಲ್ ಕ್ಯಾಪ್ ಎಂದರೆ ಮಾರುಕಟ್ಟೆ ಮೌಲ್ಯದಲ್ಲಿ 251ನೇ ಸ್ಥಾನದಿಂದ ಕೆಳಗಿನ ಕಂಪನಿಗಳು. ಅವುಗಳ ಏಳುಬೀಳು ಇನ್ನೂ ಜೋರು. ಗವಂಡಿಯ ಕೂಲಿ ಅಷ್ಟು ದಿನ ಕಾಯುವುದಿಲ್ಲ.

ಆದ್ದರಿಂದ ಮನೆಯ 4 ಲಕ್ಷವನ್ನು ಈಗಲೇ ತೆಗೆಯಿರಿ, ಇನ್ನೊಂದು ಏರಿಕೆಗೆ ಕಾಯಬೇಡಿ. ವರ್ಷ ದಾಟಿರುವುದರಿಂದ ಹೆಚ್ಚಿನ ಫಂಡುಗಳಲ್ಲಿ ಬೇಗ ತೆಗೆದವರಿಗೆ ಹಾಕುವ ನಿರ್ಗಮನ ಶುಲ್ಕ ಬೀಳುವುದಿಲ್ಲ, ನಿಮ್ಮ ಫಂಡಿನ ನಿಯಮ ಒಮ್ಮೆ ನೋಡಿಕೊಳ್ಳಿ. ಕೆಲಸದ ದಿನ ಮಧ್ಯಾಹ್ನ 3 ಗಂಟೆಯೊಳಗೆ ಕೋರಿಕೆ ಹಾಕಿದರೆ ಅಂದಿನ ದರವೇ ಸಿಗುತ್ತದೆ.

ಉಳಿದ 3.80 ಲಕ್ಷ ಐದಾರು ವರ್ಷ ಬೇಡವೆಂದಾದರೆ ಮಾತ್ರ ಷೇರು ಫಂಡಿನಲ್ಲಿ ಇರಲಿ. ಆದರೂ ಎಲ್ಲವೂ ಸ್ಮಾಲ್ ಕ್ಯಾಪಿನಲ್ಲೇ ಇರುವುದು ನನಗೆ ಒಪ್ಪಿಗೆಯಿಲ್ಲ. ಅರ್ಧವನ್ನಾದರೂ ದೊಡ್ಡ ಕಂಪನಿಗಳ ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿಗೆ ಬದಲಾಯಿಸಿ. ಲಾಭವೇ ಇಲ್ಲದ್ದರಿಂದ ತೆರಿಗೆ ಇಲ್ಲ. ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಈ ನಷ್ಟ ತೋರಿಸಿದರೆ ಮುಂದಿನ 8 ವರ್ಷ ದೀರ್ಘಾವಧಿ ಲಾಭಕ್ಕೆ ವಜಾ ಹಾಕಿಕೊಳ್ಳಬಹುದು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ.

ಪ್ರಶ್ನೆ (ಬೀಳಗಿ): ಉಳಿದದ್ದನ್ನು ಊರಿನ ಸೌಹಾರ್ದ ಸಹಕಾರಿಯಲ್ಲಿ ಇಡೋಣ, ಬ್ಯಾಂಕಿಗಿಂತ ಬಡ್ಡಿ ಜಾಸ್ತಿ ಎಂದು ಅಪ್ಪ ಹಟ ಹಿಡಿದಿದ್ದಾರೆ ಸರ್.

ಉತ್ತರ: ಅಪ್ಪನವರಿಗೆ ಒಂದು ಮಾತು ತಿಳಿಸಿ. ಬ್ಯಾಂಕ್ ಮುಳುಗಿದರೆ ಪ್ರತಿ ಠೇವಣಿದಾರರಿಗೆ 5 ಲಕ್ಷದವರೆಗೆ ಠೇವಣಿ ವಿಮೆಯ ರಕ್ಷಣೆ ಇದೆ, ಸಹಕಾರಿ ಬ್ಯಾಂಕುಗಳಿಗೂ ಇದೆ. ಪತ್ತಿನ ಸಂಘಗಳಿಗೆ, ಬ್ಯಾಂಕ್ ಅಲ್ಲದ ಸೌಹಾರ್ದಗಳಿಗೆ ಅದು ಇಲ್ಲ. ಅವರಿಗೆ ಏರಿಳಿತ ಸಹಿಸಲು ಆಗದಿದ್ದರೆ ಪೂರ್ತಿ ತೆಗೆದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇಡಲಿ, ನಾನು ತಪ್ಪೆನ್ನುವುದಿಲ್ಲ. ಹಿರಿಯರ ನಿದ್ದೆಗೂ ಬೆಲೆಯಿದೆ. ಹೆಚ್ಚು ಬಡ್ಡಿಯ ಆಸೆಗೆ ಮಾತ್ರ ಬಾಣಲೆಯಿಂದ ಬೆಂಕಿಗೆ ಬೀಳುವುದು ಬೇಡ.

ಪ್ರಶ್ನೆ (ವಿಜಯಪುರ): ಸರ್, ನನ್ನದೂ ನಷ್ಟದ ಖಾತೆಯೇ. ವಾಟ್ಸ್ಆ್ಯಪ್ ಗುಂಪಿನವರು ಕೊಟ್ಟ ಟ್ರೇಡಿಂಗ್ ಆ್ಯಪ್‌ನಲ್ಲಿ 3 ಲಕ್ಷ ಹಾಕಿದ್ದೆ, 1.90 ಉಳಿದಿದೆ. ತೆಗೆಯಲು ಹೋದರೆ ಮೊದಲು 40 ಸಾವಿರ ತೆರಿಗೆ ಕಟ್ಟಿ ಎನ್ನುತ್ತಾರೆ. ದ್ರಾಕ್ಷಿ ಮಾರಿದ ದುಡ್ಡು. ಕಟ್ಟಲೇ?

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ ಅಣ್ಣಾ. ಇದು ನಷ್ಟವಲ್ಲ, ಮೋಸ. ನಿಜವಾದ ಬ್ರೋಕರ್ ನಿಮ್ಮ ಹಣ ನಿಮಗೆ ಕೊಡಲು ಮುಂಗಡ ತೆರಿಗೆ ಕೇಳುವುದಿಲ್ಲ. ಇದನ್ನು ಓದಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿಹೋಗುತ್ತದೆ. ಹಣ ಕಳಿಸಿದ ರಸೀದಿ, ವಹಿವಾಟಿನ ಸಂಖ್ಯೆ, ಅವರ ಸಂದೇಶಗಳ ಚಿತ್ರ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ. ಅವು ಕೈಗೆ ಬರುವವರೆಗೆ ಗುಂಪಿನಿಂದ ಹೊರಬರಬೇಡಿ, ಆ್ಯಪ್ ಅಳಿಸಬೇಡಿ. ದೂರು ಕೊಟ್ಟು ಬಂದ ಮೇಲೆ ಇಲ್ಲಿಯೇ ತಿಳಿಸಿ.