ಸಹಾಯ ಬೇಕು: ಸೆಮಿಸ್ಟರಿನ ಕೊನೆಯ ತರಗತಿಯನ್ನು ಹೇಗೆ ಮುಗಿಸಲಿ?

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಪದವಿ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕಿ. ಪ್ರತಿ ಸೆಮಿಸ್ಟರಿನ ಕೊನೆಯ ವಾರಗಳು ಬಾಕಿ ಪಾಠ, ಆಂತರಿಕ ಅಂಕ, ಹಾಜರಾತಿ ಪಟ್ಟಿಗಳಲ್ಲೇ ಕಳೆದುಹೋಗಿ, ವಿದ್ಯಾರ್ಥಿಗಳು ತಾವು ಕಲಿತದ್ದೇನೆಂದು ಹಿಂತಿರುಗಿ ನೋಡುವ ಮೊದಲೇ ಪರೀಕ್ಷೆ ಬಂದುಬಿಡುತ್ತದೆ. ಕಳೆದ ವರ್ಷ ಕೊನೆಯ ದಿನ ಮುಖ್ಯ ಪ್ರಶ್ನೆಗಳನ್ನಷ್ಟೇ ಬರೆಸಿ ಹೊರಬಂದದ್ದು ನನ್ನನ್ನು ಇನ್ನೂ ಕಾಡುತ್ತಿದೆ.

1432ರಲ್ಲಿ ಪ್ರತಿಷ್ಠಾಪನೆಗೊಂಡ ಕಾರ್ಕಳದ ಗೊಮ್ಮಟನ ಬಗ್ಗೆ ಮೊದಲ ವಾರ ಅವರು ಬರೆದುಕೊಟ್ಟ ಟಿಪ್ಪಣಿಗಳನ್ನು ಜೋಪಾನವಾಗಿ ಇಟ್ಟಿದ್ದೇನೆ. ಈ ಬಾರಿ ಅದೇ ವಿಷಯವನ್ನು ಮತ್ತೊಮ್ಮೆ ಬರೆಯಿಸಿ, ಹಳೆಯದನ್ನು ಕೈಗೆ ಕೊಟ್ಟು, ಎರಡನ್ನೂ ಅವರೇ ಹೋಲಿಸಿ ನೋಡುವಂತೆ ಮಾಡುವ ಯೋಚನೆಯಿದೆ. 60 ಮಂದಿಯ ತರಗತಿಯಲ್ಲಿ, ಮಾತನಾಡಲು ಹಿಂಜರಿಯುವವರೂ ಪಾಲ್ಗೊಳ್ಳುವಂತೆ ಇದನ್ನು ನಡೆಸುವುದು ಹೇಗೆ? ನನ್ನ ಬೋಧನೆಯ ಕುರಿತು ಹೆಸರಿಲ್ಲದ ಚೀಟಿಗಳಲ್ಲಿ ಅಭಿಪ್ರಾಯ ಕೇಳುವುದಾದರೆ, ಆಂತರಿಕ ಅಂಕಗಳನ್ನು ತಿಳಿಸಿದ ಮೇಲೆ ಕೇಳುವುದು ಒಳ್ಳೆಯದೇ? ಅನುಭವವಿರುವ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಯವಿಟ್ಟು ತಿಳಿಸಬೇಕಾಗಿ ವಿನಂತಿ.